ಒಂದು ಜೀರ್ಣಧ್ವಜದ ರಕ್ಷಣವೃತ್ತಾಂತ

ಶಿಲಾಶಾಸನವು ಮಳೆಬಿಸಿಲುಗಳನ್ನು ಸಹಿಸಿ ಸಹಸ್ರ ವರ್ಷ ನಿಲ್ಲಬಲ್ಲುದು. ತಾಮ್ರಪಟವು ಮಣ್ಣಿನಲ್ಲಿ ಹೂತಿದ್ದರೂ ಬೇಗನೆ ಅಳಿಯದು. ವಸ್ತ್ರಕ್ಕಾದರೋ ಬೆಳಕೇ ಶತ್ರುವು. ಹೀಗಿರಲು, ಇನ್ನೂರು ವರ್ಷಗಳನ್ನು ಮೀರಿ ಉಳಿದುಬಂದಿರುವ ಒಂದು ಉಣ್ಣೆಯ ಧ್ವಜವನ್ನು ಅಮೆರಿಕಾ ದೇಶದವರು ಕಾಪಾಡಿದ ಬಗೆಯನ್ನು ಸದ್ಭಕ್ತರ ಅವಗಾಹನೆಗೆ ತರುವೆವು.

1813ನೆಯ ಇಸವಿಯಲ್ಲಿ ಬಾಲ್ಟಿಮೋರ್ ನಗರದ ಮೇರಿ ಪಿಕರ್ಸ್‌ಗಿಲ್ ಎಂಬ ಸ್ತ್ರೀಯು ಅಲ್ಲಿಯ ಮ್ಯಾಕ್‌ಹೆನ್ರಿ ಕೋಟೆಗಾಗಿ ಈ ಧ್ವಜವನ್ನು ಹೊಲಿದಳು. ಆಕೆಯ ಮಗಳೂ ಸೋದರಸೊಸೆಯರೂ, ಕರಾರಿನ ಮೇಲೆ ದುಡಿಯುತ್ತಿದ್ದ ಗ್ರೇಸ್ ವಿಷರ್ ಎಂಬ ಆಫ್ರಿಕಾ ಮೂಲದ ಬಾಲಿಕೆಯೂ ನೆರವಾದರು. ಧ್ವಜದ ಅಗಲ 30 ಅಡಿ, ಉದ್ದ 42 ಅಡಿ. 15 ಪಟ್ಟೆಗಳು, ಹತ್ತಿಯ ಬಟ್ಟೆಯ 15 ನಕ್ಷತ್ರಗಳು. ಮರುವರ್ಷ ಸೆಪ್ಟೆಂಬರಿನಲ್ಲಿ ಆಂಗ್ಲರ ನೌಕೆಗಳು 25 ಗಂಟೆಗಳ ಕಾಲ ಗುಂಡಿನ ಮಳೆಗರೆದರೂ ಕೋಟೆಯು ಬೀಳಲಿಲ್ಲ. 14ನೆಯ ತಾರೀಖಿನ ಪ್ರಾತಃಕಾಲದಲ್ಲಿ ಹಾರುತ್ತಿದ್ದ ಧ್ವಜವನ್ನು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಎಂಬಾತನು ರಚಿಸಿದ ಪದ್ಯವೇ 1931ರಲ್ಲಿ ಆ ದೇಶದ ರಾಷ್ಟ್ರಗೀತೆಯಾಯಿತು.

ಶತ್ರುಗಳ ಕೈಯಿಂದ ಆಗದ ಹಾನಿಯು ಅಭಿಮಾನಿಗಳ ಕೈಯಿಂದ ಆಯಿತು. ಧ್ವಜವು ಕೋಟೆಯ ಅಧಿಪತಿಯಾಗಿದ್ದ ಆರ್ಮಿಸ್ಟೆಡ್‌ನ ಮನೆತನದಲ್ಲಿ ಉಳಿಯಿತು. ಸ್ಮಾರಕವಾಗಿ ಒಂದು ಚೂರು ಬೇಕೆಂದು ಬೇಡಿಬಂದವರಿಗೆ ಮನೆಯವರು ಕತ್ತರಿಸಿ ಕತ್ತರಿಸಿ ಕೊಟ್ಟರು. ಪೂಜ್ಯವಸ್ತುವಿನ ಕಣವಾದರೂ ತಮಗೆ ದೊರೆಯಲೆಂಬ ಹಂಬಲವು ನಮಗೇನೂ ಹೊಸದಲ್ಲ; ಆದರೆ ಹಂಚಿದಷ್ಟೂ ಬೆಳೆಯುವುದಕ್ಕೆ ಬಟ್ಟೆಯು ಪ್ರಸಾದವಲ್ಲವಷ್ಟೆ! ಕಟ್ಟಕಡೆಗೆ ಉದ್ದದಲ್ಲಿ 8 ಅಡಿಗಳೂ ಒಂದು ನಕ್ಷತ್ರವೂ ಇಲ್ಲವಾದುವು.

1907ರಲ್ಲಿ ಆರ್ಮಿಸ್ಟೆಡ್‌ನ ಮೊಮ್ಮಗನಾದ ಎಬೆನ್ ಆಪಲ್ಟನ್ ಎಂಬಾತನು ಧ್ವಜವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಶಕ್ಕೆ ಎರವಲಾಗಿ ಒಪ್ಪಿಸಿ, 1912ರಲ್ಲಿ ದಾನವಾಗಿಯೇ ಕೊಟ್ಟನು. 1873ರಲ್ಲಿ ಛಾಯಾಚಿತ್ರ ತೆಗೆಯುವ ಸಲುವಾಗಿ ಅದರ ಬೆನ್ನಿಗೆ ಹಡಗಿನ ಹಾಯಿಯ ದಪ್ಪಬಟ್ಟೆಯನ್ನು ಹೊಲಿದಿದ್ದರು. 1914ರಲ್ಲಿ ಅಮೇಲಿಯಾ ಫೌಲರ್ ಎಂಬ ಕಸೂತಿ ನಿಪುಣೆಯು ಆ ಬಟ್ಟೆಯನ್ನು ಬಿಡಿಸಿ, ಹತ್ತು ಮಂದಿ ಸ್ತ್ರೀಯರನ್ನು ಕೂಡಿಕೊಂಡು ಸುಮಾರು ಎರಡು ತಿಂಗಳ ಕಾಲ ಶ್ರಮಿಸಿ, ಲಿನನ್ ಬಟ್ಟೆಯ ಅಸ್ತರನ್ನು ಕೊಟ್ಟಳು. ಆಗ ಹಾಕಿದ ಹೊಲಿಗೆಗಳು ಸುಮಾರು 17 ಲಕ್ಷ! ಬಣ್ಣಕ್ಕೆ ಬಣ್ಣದ ನೂಲನ್ನು ಹೊಂದಿಸಿ, ಬಲೆಯನ್ನು ಹೆಣೆದಂತೆ ಧ್ವಜದ ಮೈತುಂಬ ಹೊಲಿದರು. 1964ರಲ್ಲಿ ಹೊಸ ವಸ್ತುಸಂಗ್ರಹಾಲಯದಲ್ಲಿ ಅದನ್ನು ಗೋಡೆಗೆ ಇಳಿಬಿಟ್ಟು ಲೋಕಕ್ಕೆ ತೋರಿಸಿದರು. ಹಾಗೆ ತೂಗುವ ಬಟ್ಟೆಯನ್ನು ಅದರ ಸ್ವಂತ ಭಾರವೇ ಹಗಲಿರುಳೂ ಜಗ್ಗುತ್ತಿರುವುದು. ಗಾಳಿಯ ತೇವವು ಏರಿ ಇಳಿದಂತೆ ಉಣ್ಣೆಯೊಂದು ಬಗೆಯಾಗಿಯೂ ಲಿನನ್ನು ಇನ್ನೊಂದು ಬಗೆಯಾಗಿಯೂ ಹಿಗ್ಗಿ ಕುಗ್ಗುವುವು. ಬೆಳಕು ಬಣ್ಣವನ್ನು ಕದಿಯುವುದಲ್ಲದೆ ಎಳೆಯ ಸತ್ವವನ್ನೂ ಹೀರುವುದು; ಹೋದ ಸತ್ವವನ್ನು ಮರಳಿ ತುಂಬುವ ಔಷಧವಿಲ್ಲ.

ಆದುದರಿಂದ 1998ರ ಡಿಸೆಂಬರಿನಲ್ಲಿ ಧ್ವಜವನ್ನು ಕೆಳಗಿಳಿಸಿ, ಅದಕ್ಕಾಗಿಯೇ ನಿರ್ಮಿಸಿದ ಪ್ರಯೋಗಶಾಲೆಯಲ್ಲಿ ಮಲಗಿಸಿದರು. ಬಟ್ಟೆಯ ಮೇಲೆ ಭಾರ ಬೀಳದಂತೆ ಅದಕ್ಕೆ ಅಡ್ಡಲಾಗಿ ಚಲಿಸುವ ಒಂದು ಸೇತುವೆಯನ್ನು ರಚಿಸಿ, ತಜ್ಞರು ಅದರ ಮೇಲೆ ಬೋರಲಾಗಿ ಮಲಗಿ ಕೆಲಸ ಮಾಡಿದರು. ಪ್ರೇಕ್ಷಕರು ಗಾಜಿನ ಗೋಡೆಯ ಈಚೆಯಿಂದ ನೋಡುತ್ತಿದ್ದರು. ಮೊದಲು ಮಾಡಿದ ಕೆಲಸವೆಂದರೆ ಫೌಲರಳ ಆ 17 ಲಕ್ಷ ಹೊಲಿಗೆಗಳನ್ನು ಕತ್ತರಿಸಿ ತೆಗೆದುದು! ಅಸ್ತರನ್ನು ಸರಿಸಿದಾಗ 1873ರಿಂದ ಮರೆಯಾಗಿದ್ದ ಮಗ್ಗುಲು ಕಣ್ಣಿಗೆ ಬಿದ್ದಿತು. ಆ ಬಳಿಕ ಒಣ ಸ್ಪಂಜುಗಳನ್ನು ಒತ್ತಿ ಒತ್ತಿ ಧೂಳನ್ನು ಎತ್ತಿದರು. ಅಸಿಟೋನ್ ಮತ್ತು ನೀರಿನ ಮಿಶ್ರಣದಿಂದ ಜಿಡ್ಡನ್ನು ಕಳೆದರು. ಕಡೆಗೆ ಅತಿ ತೆಳುವಾದ ಪಾಲಿಯೆಸ್ಟರ್ ಬಟ್ಟೆಯೊಂದನ್ನು ಒಂದೇ ಮಗ್ಗುಲಿಗೆ ಆಸರೆಯಾಗಿ ಕೊಟ್ಟರು. 2006ರ ವೇಳೆಗೆ ಈ ಕಾರ್ಯವು ಮುಗಿಯಿತು.

ಇದನ್ನು ಕೇಳಿ ಫೌಲರಳ ಶ್ರಮವು ವ್ಯರ್ಥವಾಯಿತೆಂದು ಭಾವಿಸುವವರುಂಟು. ನಾವು ಹಾಗೆನ್ನಲಾರೆವು. ಆಕೆಯ ಹೊಲಿಗೆಗಳು ಇಲ್ಲದಿದ್ದರೆ ಅಷ್ಟು ವರ್ಷ ಬಿಡಿಬಿಡಿಯಾಗದೆ ಉಳಿಯುವುದು ಆ ಜೀರ್ಣವಸ್ತ್ರಕ್ಕೆ ಸಾಧ್ಯವಾಗುತ್ತಿರಲಿಲ್ಲ. ಆದರೆ ಹಳೆಯ ಗುಡಿಗೆ ಹೊಸ ಕಲ್ಲನ್ನು ಸೇರಿಸಿ ಜೀರ್ಣೋದ್ಧಾರ ಮಾಡುವ ರೀತಿಯು ಬಟ್ಟೆಗೆ ಒಗ್ಗದೆಂಬುದನ್ನು ತರುವಾಯದವರು ಅರಿತರು. ಕಳೆದುಹೋದ 8 ಅಡಿಗಳನ್ನು ಅವರು ನೇಯಿಸಿ ಸೇರಿಸಲಿಲ್ಲ. ನಕ್ಷತ್ರದ ತೂತನ್ನೂ ಮುಚ್ಚಲಿಲ್ಲ. 2008ರಿಂದ ಆ ಧ್ವಜವು ಆಮ್ಲಜನಕವನ್ನು ಕಡಿಮೆಮಾಡಿದ ಕೋಣೆಯೊಂದರಲ್ಲಿ, ಮಂದವಾದ ಬೆಳಕಿನಲ್ಲಿ, 10 ಅಂಶಗಳಷ್ಟು ಮಾತ್ರ ಓರೆಯಾಗಿರುವ ಮೇಜಿನ ಮೇಲೆ ಮಲಗಿರುವುದು.