ಮರಳುಗಾಡಿಗೆ ಮೋಟಾರು ಬಂದ ಮೇಲೆ

ದುಬೈ ಮತ್ತು ಅಬುಧಾಬಿಯ ಇತಿಹಾಸ ಹೇಳುವಾಗ ಸಾಮಾನ್ಯವಾಗಿ ತೈಲದಿಂದಲೇ ಆರಂಭಿಸುತ್ತೇವೆ. ತೈಲ ಹಣ ತಂದಿತು, ನಿಜ. ಆದರೆ ಜನ ಎಲ್ಲಿ ಮನೆ ಮಾಡುತ್ತಾರೆ, ಎಷ್ಟು ದೂರ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಯಾರ ಜೊತೆ ಮಾತಾಡುತ್ತಾರೆ ಎಂಬುದನ್ನು ಬದಲಾಯಿಸಿದ್ದು ಮೋಟಾರು ವಾಹನ.

ಅದಕ್ಕೂ ಹಿಂದಿನ ಊರು ಹೇಗಿತ್ತು ಎಂದು ತಿಳಿಯಬೇಕಾದರೆ ಬರ್ ದುಬೈನ ಅಲ್ ಫಹೀದಿ ಬಡಾವಣೆಗೆ ಹೋಗಬೇಕು. ಅಲ್ಲಿನ ಓಣಿಗಳಿಗೆ ‘ಸಿಕ್ಕ’ ಎಂದು ಹೆಸರು. ಮನುಷ್ಯರು ಮತ್ತು ಹೇರು ಹೊತ್ತ ಕತ್ತೆಗಳು ಓಡಾಡಲು ಎಷ್ಟು ಬೇಕೋ ಅಷ್ಟೇ ಅಗಲ. ಎರಡೂ ಬದಿಯ ಗೋಡೆಗಳ ನೆರಳು ದಾರಿಯ ಮೇಲೆ ಬೀಳುತ್ತದೆ. ಅಕ್ಕಪಕ್ಕದ ಮನೆಯವರು ದಿನಕ್ಕೆ ನಾಲ್ಕು ಸಲ ಎದುರಾಗಲೇಬೇಕು. ಆ ಊರಿನ ಅಳತೆಗೋಲು ಮನುಷ್ಯನ ಹೆಜ್ಜೆ.

ದೂರದ ಪ್ರಯಾಣವೆಂದರೆ ಒಂಟೆ ಅಥವಾ ಹಡಗು. ಇಂದು ಕಾರಿನಲ್ಲಿ ಒಂದೂವರೆ ಗಂಟೆ ಹಿಡಿಯುವ ಅಬುಧಾಬಿ–ಅಲ್ ಐನ್ ದಾರಿಗೆ ಆಗ ಹಲವು ದಿನಗಳೇ ಬೇಕಿತ್ತು. ಅಬುಧಾಬಿ ದ್ವೀಪಕ್ಕೆ ಬರುವವರು ಸಮುದ್ರದ ಇಳಿತ ಕಾದು, ಮಕ್ತಾ ಬಳಿ ನೀರಿನಲ್ಲೇ ದಾಟುತ್ತಿದ್ದರು. ದುಬೈ ಕ್ರೀಕ್‌ನ ಎರಡು ದಡಗಳಾದ ದೇರಾ ಮತ್ತು ಬರ್ ದುಬೈ ನಡುವೆ ‘ಅಬ್ರಾ’ ದೋಣಿಗಳಿದ್ದವು. ನಮ್ಮ ಕರಾವಳಿಯ ನದಿಗಳ ಕಡವು ನೋಡಿದ ಹಿರಿಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅಬ್ರಾದಲ್ಲಿ ಕಾರು, ಲಾರಿಗಳನ್ನು ದಾಟಿಸಲಾಗದು. ಅವು ಕ್ರೀಕ್‌ನ ತುದಿಯವರೆಗೆ ಹೋಗಿ ಸುತ್ತಿ ಬರಬೇಕಿತ್ತು.

1963ರಲ್ಲಿ ಅಲ್ ಮಕ್ತೂಮ್ ಸೇತುವೆ ತೆರೆದಾಗ ಈ ಸುತ್ತು ತಪ್ಪಿತು. ಒಂದು ಸಂಗತಿ ಗಮನಿಸಿ: ದುಬೈನಲ್ಲಿ ತೈಲ ಸಿಕ್ಕಿದ್ದು 1966ರಲ್ಲಿ. ಅಂದರೆ ಸೇತುವೆ ಬಂದದ್ದು ತೈಲಕ್ಕಿಂತ ಮೊದಲು, ಕತಾರ್ ದೊರೆಯ ಹಣದ ನೆರವಿನಿಂದ. ವ್ಯಾಪಾರದ ಊರಿಗೆ ರಸ್ತೆಯೇ ಬಂಡವಾಳ ಎಂದು ಶೇಖ್ ರಶೀದ್ ಅವರಿಗೆ ಗೊತ್ತಿತ್ತು. 1968ರಲ್ಲಿ ಅಬುಧಾಬಿಗೆ ಮಕ್ತಾ ಸೇತುವೆ, 1975ರಲ್ಲಿ ದುಬೈಗೆ ಶಿಂದಗಾ ಸುರಂಗ ಬಂದವು.

ಸೇತುವೆಯ ಹಿಂದೆಯೇ ಊರಿನ ಆಕಾರವೂ ಬದಲಾಯಿತು. ದುಬೈಗೆ 1960ರಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿ ಜಾನ್ ಹ್ಯಾರಿಸ್ ಮೊದಲ ನಗರ ಯೋಜನೆ ಸಿದ್ಧಪಡಿಸಿದ್ದರು. ಅಬುಧಾಬಿಯಲ್ಲಿ ಜಪಾನಿನ ಕಟ್ಸುಹಿಕೊ ತಕಹಾಶಿ, ಅವರ ನಂತರ ಈಜಿಪ್ಟಿನ ಅಬ್ದುಲ್ ರಹಮಾನ್ ಮಖ್ಲೂಫ್ ಚದುರಂಗದ ಮಣೆಯಂತೆ ನೇರ, ಅಗಲ ರಸ್ತೆಗಳನ್ನು ಎಳೆದರು. ಅಳತೆಗೋಲು ಈಗ ಹೆಜ್ಜೆಯಲ್ಲ, ಚಕ್ರ.

ಈ ಚಕ್ರದ ಜೊತೆಗೇ ನಮ್ಮವರ ಕಥೆಯೂ ಸೇರಿಕೊಂಡಿದೆ. ಕರಾವಳಿ ಕರ್ನಾಟಕಕ್ಕೆ ಮೋಟಾರು ಹೊಸತಲ್ಲ. ಮಂಗಳೂರಿನಲ್ಲಿ ಸಿಪಿಸಿ ಬಸ್ ಕಂಪನಿ ಶುರುವಾದದ್ದು 1914ರಲ್ಲಿ. ಬಸ್ಸು, ಲಾರಿ, ಗ್ಯಾರೇಜುಗಳಲ್ಲಿ ಪಳಗಿದ ಕೈಗಳಿಗೆ ಇಲ್ಲಿ ಕೆಲಸ ಸಿಕ್ಕಿತು. ಡ್ರೈವರ್, ಮೆಕ್ಯಾನಿಕ್ ಆಗಿ ದುಡಿದ ಎಷ್ಟೋ ಮಂದಿಯ ಹಣದಿಂದ ಊರಿನಲ್ಲಿ ಮನೆಗಳು ಎದ್ದವು, ತಂಗಿಯರ ಮದುವೆಗಳು ನಡೆದವು. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಸಿಕ್ಕರೆ ಸಂಬಳವೂ ಹೆಚ್ಚು, ಓಡಾಟದ ಸ್ವಾತಂತ್ರ್ಯವೂ ಹೆಚ್ಚು. ನೆರೆಯ ಸೌದಿ ಅರೇಬಿಯಾದಲ್ಲಿ ಮಹಿಳೆಯರಿಗೆ 2018ರವರೆಗೂ ಸಿಗದ ಆ ಸ್ವಾತಂತ್ರ್ಯ ಇಲ್ಲಿನ ನಮ್ಮ ಅಕ್ಕತಂಗಿಯರಿಗೆ ಮೊದಲೇ ಸಿಕ್ಕಿತ್ತು.

ಶಾರ್ಜಾ, ಕರಾಮಾ, ಅಲ್ ಕೂಸೈಸ್, ಮುಸಾಫಾ ಎಂದು ಚದುರಿಹೋದ ಕನ್ನಡಿಗರು ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ, ಮಕ್ಕಳ ಕನ್ನಡ ತರಗತಿಗೆ ಒಂದೆಡೆ ಸೇರುವುದೂ ಈ ರಸ್ತೆಗಳಿಂದಲೇ. ನಮ್ಮದು ಅಕ್ಕಪಕ್ಕದ ಮನೆಗಳ ಕೇರಿಯಲ್ಲ, ಕಾರುಗಳು ಕಟ್ಟಿದ ಕೇರಿ.

ಆದರೆ ಕಾರು ಕೊಟ್ಟದ್ದಕ್ಕೆ ಬೆಲೆಯನ್ನೂ ಕೇಳಿತು. ಶೇಖ್ ಜಾಯೆದ್ ರಸ್ತೆ ಎಷ್ಟು ಅಗಲವಾಯಿತೆಂದರೆ, ಕಣ್ಣೆದುರಿಗೇ ಇರುವ ಅಂಗಡಿಗೆ ಹೋಗಲು ಟ್ಯಾಕ್ಸಿ ಹಿಡಿಯಬೇಕಾಯಿತು. ವಾಹನ ದಟ್ಟಣೆ ತಗ್ಗಿಸಲು 2007ರ ಜುಲೈ 1ರಂದು ಗರ್ಹೂದ್ ಸೇತುವೆ ಮತ್ತು ಬರ್ಶಾದಲ್ಲಿ ‘ಸಾಲಿಕ್’ ಸುಂಕ ಬಂತು. 2009ರ ಸೆಪ್ಟೆಂಬರ್ 9ರಂದು ಮೆಟ್ರೊ ಓಡಲಾರಂಭಿಸಿತು. ಅದರ ನಿಲ್ದಾಣಗಳ ಮೇಲ್ಸೇತುವೆಗಳಿಂದಾಗಿ ಆ ದೊಡ್ಡ ರಸ್ತೆಯನ್ನು ನಡೆದು ದಾಟಲು ಸಾಧ್ಯವಾಯಿತು. ಐವತ್ತು ವರ್ಷ ಕಾರಿಗೆ ದಾರಿ ಬಿಟ್ಟ ನಗರ ಮತ್ತೆ ಕಾಲಿಗೆ ದಾರಿ ಹುಡುಕತೊಡಗಿತು.

ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಈ ಊರನ್ನು ಹೆಚ್ಚಾಗಿ ಕಾರಿನ ಕಿಟಕಿಯಿಂದಲೇ ನೋಡಿದ್ದಾರೆ. ಲಿಫ್ಟ್, ಪಾರ್ಕಿಂಗ್, ಶಾಲೆ, ಮಾಲ್, ಮತ್ತೆ ಪಾರ್ಕಿಂಗ್. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ವರ್ಷಗಳು ಕಳೆಯುತ್ತವೆ. ಇದು ಕಾರಿನ ತಪ್ಪಲ್ಲ. ಅದು ನಮ್ಮನ್ನು ದೂರದವರ ಬಳಿಗೆ ಕರೆದೊಯ್ಯಬಲ್ಲದು, ಹತ್ತಿರದವರನ್ನು ಪರಿಚಯಿಸಲಾರದು. ಆ ಕೆಲಸ ಇಂದಿಗೂ ಕಾಲ್ನಡಿಗೆಯದೇ.

ಈ ಚಳಿಗಾಲದಲ್ಲಿ ಒಂದು ಸಂಜೆ ದೇರಾದಲ್ಲಿ ಕಾರು ನಿಲ್ಲಿಸಿ, ಒಂದು ದಿರ್ಹಮ್ ಕೊಟ್ಟು ಅಬ್ರಾ ಹತ್ತಿ. ಆಚೆ ದಡದ ಸಿಕ್ಕಗಳಲ್ಲಿ ಮಕ್ಕಳ ಕೈ ಹಿಡಿದು ನಡೆಯಿರಿ. ಚಕ್ರಕ್ಕಿಂತ ಮೊದಲಿನ ದುಬೈ ಎಷ್ಟು ಹತ್ತಿರವಿತ್ತು ಎಂದು ಅವರಿಗೇ ತಿಳಿಯುತ್ತದೆ.