ಟೆಂಪ್ ಫೈಲು ಮತ್ತು ಬಾಕಿ ಅರ್ಜಿ: ಬಹುಬಳಕೆದಾರ ಡೇಟಾಬೇಸಿನ ಚರಿತ್ರೆ, ಆಲಮೇಲ ಸೀಮೆಯ ಉತಾರದ ನೆಲೆಯಲ್ಲಿ

ಹಲವರು ಒಟ್ಟಿಗೆ ಬಳಸುವ ಡೇಟಾಬೇಸಿನಲ್ಲಿ ಎರಡು ಬಗೆಯ ತಾತ್ಕಾಲಿಕ ಮಾಹಿತಿ ಹುಟ್ಟುತ್ತದೆ. ವಿಂಗಡಣೆ, ವರದಿ, ಲೆಕ್ಕದ ನಡುವೆ ಯಂತ್ರ ತನಗಾಗಿ ಬರೆದುಕೊಳ್ಳುವುದು ಒಂದು. ಅದು ಅಳಿದರೆ ಮತ್ತೆ ಹುಟ್ಟಿಸಬಹುದು. ಇನ್ನೂ ತೀರ್ಮಾನವಾಗದ ಅರ್ಜಿ, ನೋಟಿಸು, ತಕರಾರು ಇನ್ನೊಂದು. ಅದು ಅಳಿದರೆ ಒಬ್ಬರ ಹಕ್ಕಿಗೇ ಕುತ್ತು. ಇವೆರಡನ್ನು ಬೇರ್ಪಡಿಸಲು ಕಲಿತದ್ದೇ ಈ ತಂತ್ರಜ್ಞಾನದ ಚರಿತ್ರೆಯ ಮುಖ್ಯ ಎಳೆ ಎಂಬುದು ಈ ಲೇಖನದ ವಾದ. ಭೂದಾಖಲೆಗಳನ್ನು ಗಣಕೀಕರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಅದಕ್ಕೆ ಒಳ್ಳೆಯ ನಿದರ್ಶನ.

ಹಂಚಿಕೊಂಡ ಫೋಲ್ಡರಿನ ಕಾಲ

ಡಿಬೇಸ್, ಫಾಕ್ಸ್‌ಪ್ರೊ ಮೊದಲಾದ ಡೇಟಾಬೇಸ್ ಪ್ರೋಗ್ರಾಮುಗಳು ಒಂಟಿ ಕಂಪ್ಯೂಟರಿನಲ್ಲಿ ಬೆಳೆದು ಬಂದವು. ಅದೇ ಪ್ರೋಗ್ರಾಮನ್ನು ನೆಟ್‌ವರ್ಕಿನ ಒಂದೇ ಫೋಲ್ಡರಿನಿಂದ ನಾಲ್ಕು ಮಂದಿ ತೆರೆದಾಗ ತೊಡಕು ಶುರುವಾಯಿತು. ವರದಿಗೆಂದು ಪ್ರೋಗ್ರಾಮು ‘ಟೆಂಪ್’ ಎಂಬ ಹೆಸರಿನ ಫೈಲು ಮಾಡಿದರೆ, ಒಬ್ಬರ ಫೈಲಿನ ಮೇಲೆ ಮತ್ತೊಬ್ಬರದು ಕೂರುತ್ತಿತ್ತು. ಫಾಕ್ಸ್‌ಪ್ರೊದ ಎಸ್‌ವೈಎಸ್(3) ಫಂಕ್ಷನ್ನು ಯಂತ್ರದ ಗಡಿಯಾರ ನೋಡಿ ಫೈಲಿಗೆ ಹೆಸರು ಕೊಡುತ್ತಿತ್ತು. ಹೀಗೆ ಹುಟ್ಟಿದ ಹೆಸರು ಇನ್ನೊಂದು ಯಂತ್ರದ ಹೆಸರಿಗೆ ತಾಕುವುದಿಲ್ಲವೆಂಬ ಭರವಸೆ ಇರಲಿಲ್ಲ. ಗಟ್ಟಿ ಪರಿಹಾರವಿದ್ದದ್ದು ಸಂರಚನಾ ಫೈಲಿನ ‘ಟಿಎಂಪಿಫೈಲ್ಸ್’ ಸಾಲಿನಲ್ಲಿ: ತಾತ್ಕಾಲಿಕ ಫೈಲುಗಳನ್ನು ಬಳಕೆದಾರರ ಸ್ವಂತ ಡಿಸ್ಕಿಗೆ ತಿರುಗಿಸುವುದು.

ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲೂ ಇದೇ ಪಾಠ ಮರುಕಳಿಸಿತು. ಹಂಚಿದ ಡೇಟಾಬೇಸಿನ ಪಕ್ಕದಲ್ಲಿ ಒಂದು ಲಾಕ್ ಫೈಲು ಹುಟ್ಟುತ್ತದೆ. ಕೊನೆಯವರು ಹೊರಬಿದ್ದಾಗ ಅಳಿಯುತ್ತದೆ. ನಡುವೆ ಕರೆಂಟು ಹೋದರೆ ಹಾಗೆಯೇ ಉಳಿಯಬಹುದು. ತಾತ್ಕಾಲಿಕ ಟೇಬಲ್ಲುಗಳನ್ನು ಮುಖ್ಯ ಫೈಲಿನಲ್ಲೇ ಮಾಡಿ ಅಳಿಸುತ್ತಿದ್ದರೆ ಖಾಲಿಯಾದ ಜಾಗ ತಾನಾಗಿ ಮರಳದೆ ಫೈಲು 2 ಜಿಬಿ ಮಿತಿಯತ್ತ ಉಬ್ಬುತ್ತದೆ. ಆದ್ದರಿಂದ ದಾಖಲೆ ಸರ್ವರಿನಲ್ಲಿ, ಫಾರ್ಮುಗಳೂ ತಾತ್ಕಾಲಿಕ ಟೇಬಲ್ಲುಗಳೂ ಪ್ರತಿಯೊಬ್ಬರ ಯಂತ್ರದಲ್ಲಿ ಎಂಬ ವಿಭಜನೆ ರೂಢಿಗೆ ಬಂತು.

ಸರ್ವರಿನ ಕಾಲ

ಸರ್ವರ್ ಆಧಾರಿತ ವ್ಯವಸ್ಥೆಗಳು ಈ ಹೊಣೆಯನ್ನು ಪ್ರೋಗ್ರಾಮರನಿಂದ ತಮ್ಮ ಮೇಲೆ ಎಳೆದುಕೊಂಡವು. 1992ರ ಎಸ್‌ಕ್ಯೂಎಲ್ ಮಾನಕವೇ ತಾತ್ಕಾಲಿಕ ಟೇಬಲ್ಲನ್ನು ಒಪ್ಪಿಕೊಂಡಿತು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಒಂದೇ ಹೆಸರಿನ ತಾತ್ಕಾಲಿಕ ಟೇಬಲ್ಲನ್ನು ಹತ್ತು ಮಂದಿ ಮಾಡಿದರೂ ಒಳಗೆ ಪ್ರತಿಯೊಂದಕ್ಕೂ ಬೇರೆ ಬಾಲ ಸೇರುತ್ತದೆ. ಒಬ್ಬರದು ಮತ್ತೊಬ್ಬರಿಗೆ ಕಾಣದು. ಅವೆಲ್ಲ ಕೂರುವ ‘ಟೆಂಪ್‌ಡಿಬಿ’ಯಂತೂ ಸರ್ವರ್ ಶುರುವಾದಾಗಲೆಲ್ಲ ಹೊಸದಾಗಿ ರಚನೆಯಾಗುತ್ತದೆ. ಒರಾಕಲ್ 8ಐ ಇನ್ನೊಂದು ದಾರಿ ಹಿಡಿಯಿತು: ಟೇಬಲ್ಲಿನ ಚೌಕಟ್ಟು ಶಾಶ್ವತ, ಅದರೊಳಗಿನ ಸಾಲುಗಳು ಮಾತ್ರ ಆಯಾ ಸೆಷನ್ನಿಗೋ ವಹಿವಾಟಿಗೋ (ಟ್ರಾನ್ಸಾಕ್ಷನ್ನಿಗೋ) ಸೀಮಿತ. ಎರಡೂ ಕಡೆ ಕಟ್ಟಳೆ ಒಂದೇ: ಇಲ್ಲಿ ಇಟ್ಟದ್ದು ಉಳಿಯುತ್ತದೆಂದು ನಂಬಬೇಡಿ.

ಭೂಮಿ ಯೋಜನೆ

ಹಾಗಾದರೆ ಉಳಿಯಲೇಬೇಕಾದ ಅಪೂರ್ಣ ಕೆಲಸಕ್ಕೆ ಜಾಗವೆಲ್ಲಿ? ಉತ್ತರಕ್ಕೆ ಭೂಮಿಯ ಕಥೆ ನೋಡಬೇಕು. ಕರ್ನಾಟಕದಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಯೋಗ 1991ರಲ್ಲಿ ಗುಲಬರ್ಗಾದಲ್ಲಿ ನಡೆಯಿತು. ಆದರೆ ಹಕ್ಕು ಬದಲಾವಣೆ ನಡೆಯುತ್ತಿದ್ದ ತಾಲ್ಲೂಕು ಮಟ್ಟಕ್ಕೆ ಕಂಪ್ಯೂಟರು ತಲುಪಿರಲಿಲ್ಲ. ಒಮ್ಮೆ ತುಂಬಿದ ದಾಖಲೆ, ಹೊಲ ಕೈಬದಲಾದಂತೆಲ್ಲ ಹಳತಾಗುತ್ತ ಹೋಯಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಒಳಗೊಂಡ ‘ಭೂಮಿ’ 2002ರ ವೇಳೆಗೆ ತಾಲ್ಲೂಕು ಕಚೇರಿಗಳಲ್ಲಿ ನೆಲೆಗೊಂಡಾಗ ಈ ಕೊರತೆ ತುಂಬಿತು. ₹15ಕ್ಕೆ ಪಹಣಿ ಸಿಕ್ಕಿದ್ದನ್ನು ಜನ ನೆನೆಯುತ್ತಾರೆ. ಅಷ್ಟೇ ಮುಖ್ಯವಾದದ್ದು, ಬಾಕಿ ಅರ್ಜಿಯೂ ದಾಖಲೆಯಾದದ್ದು.

ಸಿಂದಗಿಯಿಂದ ಬೇರ್ಪಟ್ಟು ತಾಲ್ಲೂಕಾದ ಆಲಮೇಲ, 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ವಿಜಯಪುರ ಸೀಮೆಯದು. ಇಲ್ಲಿ ಪಹಣಿಗೆ ಇಂದಿಗೂ ಉತಾರವೆನ್ನುತ್ತಾರೆ. ಆಲಮೇಲ ಇನ್ನೂ ಸಿಂದಗಿ ತಾಲ್ಲೂಕಿನಲ್ಲಿದ್ದಾಗ ಇಲ್ಲಿನ ರೈತರೊಬ್ಬರು ಸಿಂದಗಿ ಕೌಂಟರಿನಲ್ಲಿ ಹೊಲ ಖರೀದಿಯ ಹಕ್ಕು ಬದಲಾವಣೆಗೆ ಅರ್ಜಿ ಕೊಟ್ಟರೆಂದುಕೊಳ್ಳಿ. ಅರ್ಜಿಗೆ ಸರದಿ ಸಂಖ್ಯೆ ಬೀಳುತ್ತಿತ್ತು. ಮೊದಲು ಬಂದದ್ದು ಮೊದಲು ಎಂಬ ಕ್ರಮವನ್ನು ಸಾಫ್ಟ್‌ವೇರೇ ಕಾಯುತ್ತಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ನೋಟಿಸು ಹೊರಟು, ಯೋಜನೆಯ ಆರಂಭದ ವರ್ಷಗಳಲ್ಲಿ ತಕರಾರಿಗೆ 30 ದಿನ ಕಾಯಬೇಕಿತ್ತು. ಕಂದಾಯ ನಿರೀಕ್ಷಕರ ಆದೇಶವಾಗಿ, ಅದು ಸ್ಕ್ಯಾನಾಗಿ, ಬೆರಳಚ್ಚು ಕೊಟ್ಟು ಒಳಹೊಕ್ಕ ಸಿಬ್ಬಂದಿ ಅದನ್ನು ದಾಖಲಿಸುವವರೆಗೆ ಉತಾರದಲ್ಲಿ ಹಳೆಯ ಹೆಸರೇ ಇರುತ್ತಿತ್ತು.

ಹೀಗೆ ಕಾಯುವ ತಿಂಗಳಲ್ಲಿ ಸರ್ವರು ಎಷ್ಟು ಸಲ ನಿಂತು ಹೊರಟಿತೋ! ಅರ್ಜಿ ಟೆಂಪ್‌ಡಿಬಿಯಂಥ ಜಾಗದಲ್ಲಿ ಕೂತಿದ್ದರೆ ಮೊದಲ ರೀಸ್ಟಾರ್ಟಿಗೇ ಹೋಗುತ್ತಿತ್ತು. ತಿಂಗಳಿಡೀ ಒಂದು ವಹಿವಾಟನ್ನು ತೆರೆದಿಟ್ಟು ಸಾಲನ್ನು ಲಾಕ್ ಮಾಡಿದ್ದರೆ ಉಳಿದವರ ಕೆಲಸ ಅಡ್ಡಬೀಳುತ್ತಿತ್ತು. ಬಾಕಿ ಅರ್ಜಿಗೆ ಅದರದೇ ಶಾಶ್ವತ ಟೇಬಲ್ಲು, ಹಂತ ತಿಳಿಸುವ ಗುರುತು, ಕೈಯಾಡಿಸಿದವರ ಹೆಸರು ಬೇಕು. ಪ್ರತಿ ಹಂತದ ವಹಿವಾಟು ಮಾತ್ರ ಕ್ಷಣದಲ್ಲಿ ಮುಗಿಯಬೇಕು.

ಬಹುಬಳಕೆದಾರ ವ್ಯವಸ್ಥೆ ಕಟ್ಟುವವರು ತಾತ್ಕಾಲಿಕ ಫೈಲನ್ನು ಡಿಸ್ಕಿನ ಜಾಗದ ಪ್ರಶ್ನೆಯೆಂದು ನೋಡುವುದೇ ಹೆಚ್ಚು. ಭೂಮಿಯ ಅನುಭವ ಅದನ್ನು ಹೊಣೆಯ ಪ್ರಶ್ನೆಯಾಗಿಸುತ್ತದೆ. ಯಂತ್ರದ ಕರಡನ್ನು ನಿರ್ದಾಕ್ಷಿಣ್ಯವಾಗಿ ಅಳಿಸಬೇಕು; ಮನುಷ್ಯನ ಅರ್ಜಿಯನ್ನು ಆದೇಶವಿಲ್ಲದೆ ಅಳಿಸುವಂತಿಲ್ಲ. ಯಾವುದು ಯಾವುದೆಂದು ತೀರ್ಮಾನಿಸಲು ಕಂಪ್ಯೂಟರ್ ತಿಳಿದವರಷ್ಟೇ ಕಂದಾಯ ಕಾಯ್ದೆ ತಿಳಿದವರೂ ಬೇಕು.