ಅಣುವಿನ ಹಿಂದಿನ ಪರದೆ

ಈ ಶಾಲೆಯಲ್ಲಿ ನಾವು ಓದುವಾಗ ಅಣು ಎಂದರೆ ಕರಿಹಲಗೆಯ ಮೇಲಿನ ಸೀಮೆಸುಣ್ಣದ ಗೆರೆಗಳು. ಈಗ ಪ್ರೋಟೀನ್ ಅಣುಗಳ ಚಲಿಸುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಉಪನ್ಯಾಸಗಳಲ್ಲಿ ತೋರಿಸುವುದು ನನ್ನ ಕೆಲಸದ ಒಂದು ಭಾಗ. ನಿಮ್ಮ ಕೆಲಸದ ಬಗ್ಗೆ ಊರವರಿಗೂ ತಿಳಿಯುವಂತೆ ಬರೆಯಿರಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದರಿಂದ, ಯಾರೂ ಅಷ್ಟಾಗಿ ಗಮನಿಸದ ಒಂದು ಸಂಗತಿಯ ಇತಿಹಾಸವನ್ನು ಆರಿಸಿಕೊಂಡಿದ್ದೇನೆ: ಅಣುವಿನ ಹಿಂದೆ ಕಾಣುವ ಬಣ್ಣ, ಮತ್ತು ಅದು ಬದಲಾಗುವ ಬಗೆ. ನಾಟಕದಲ್ಲಿ ಅರಮನೆಯ ಪರದೆ ಎದ್ದು ಕಾಡಿನ ಪರದೆ ಇಳಿಯುವುದನ್ನು ಕಂಡವರಿಗೆ ಇದು ತೀರಾ ಹೊಸದಲ್ಲ.

1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಹಾಫ್‌ಮನ್ ಅವರು ಕ್ರೋಕೆ ಆಟದ ಚೆಂಡುಗಳಿಗೆ ಕಡ್ಡಿ ಜೋಡಿಸಿ ಸಭಿಕರಿಗೆ ಅಣುಗಳನ್ನು ತೋರಿಸಿದರು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ. ಆ ಬಣ್ಣಗಳು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಉಳಿದಿವೆ. ಆಗ ಹಿನ್ನೆಲೆ ಎಂದರೆ ಆ ಕೋಣೆಯೇ. ಸುಮಾರು ನೂರು ವರ್ಷದ ನಂತರ ಕೇಂಬ್ರಿಜ್‌ನಲ್ಲಿ ಜಾನ್ ಕೆಂಡ್ರೂ ಅವರು ಮಯೋಗ್ಲೋಬಿನ್ ಮಾದರಿಯನ್ನು ಕಟ್ಟಲು ಸುಮಾರು 2,500 ಕಂಬಿಗಳನ್ನು ನಿಲ್ಲಿಸಿದರು. ಆರಡಿ ಉದ್ದ, ಆರಡಿ ಅಗಲ, ಆರಡಿ ಎತ್ತರ. ಬೆಳೆದು ನಿಂತ ಜೋಳದ ಹೊಲದಂತೆ. ಒಳಗಿರುವ ಅಣು ಕಾಣಬೇಕಾದರೆ ಕಂಬಿಗಳ ನಡುವೆ ಇಣುಕಬೇಕಿತ್ತು.

ಕಪ್ಪು ಹಿನ್ನೆಲೆ ಬಂದದ್ದು 1960ರ ದಶಕದಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ. ಸೈರಸ್ ಲೆವಿಂತಾಲ್ ಅವರು ಕಂಪ್ಯೂಟರಿಗೆ ಜೋಡಿಸಿದ ಗಾಜಿನ ಕೊಳವೆಯ ತೆರೆಯ ಮೇಲೆ ಅಣುವನ್ನು ತಿರುಗಿಸಿ ತೋರಿಸಿದರು. ಅಲ್ಲಿ ಕಪ್ಪನ್ನು ಯಾರೂ ಆರಿಸಿದ್ದಲ್ಲ. ಕಿರಣ ಹಾದುಹೋದಲ್ಲಿ ಮಾತ್ರ ಗೆರೆ ಹೊಳೆಯುತ್ತಿತ್ತು, ಉಳಿದದ್ದೆಲ್ಲ ಕತ್ತಲು. ತಿರುಗುವಾಗ ಆಳ ಕಾಣುತ್ತಿದ್ದ ಅಣು, ನಿಂತೊಡನೆ ಗೆರೆಗಳ ಗೋಜಲು.

ನಮ್ಮವರ ಹೆಸರನ್ನೂ ಹೇಳಬೇಕು. ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ನಕ್ಷೆಯಿಂದಲೇ ಇಂದಿಗೂ ಪ್ರೋಟೀನ್ ಮಾದರಿಗಳ ಸರಿತಪ್ಪನ್ನು ನೋಡುತ್ತಾರೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

1990ರ ದಶಕದಲ್ಲಿ ರಾಸ್‌ಮಾಲ್, 2000ದಲ್ಲಿ ಪೈಮಾಲ್ ಎಂಬ ತಂತ್ರಾಂಶಗಳು ಬಂದು ಅಣುಗಳು ಸಾಮಾನ್ಯ ಕಂಪ್ಯೂಟರಿಗೂ ಇಳಿದವು. ತೆರೆದೊಡನೆ ಕಾಣುವುದು ಅದೇ ಹಳೆಯ ಕಪ್ಪು. ಅಚ್ಚಿಗೆ ಮಾತ್ರ ಬಿಳಿ ಬೇಕು. ಹೀಗಾಗಿ ಉಪನ್ಯಾಸದಲ್ಲಿ ಒಂದು ಚಿತ್ರ ಕಪ್ಪು, ಮುಂದಿನದು ಬಿಳಿ. ಕತ್ತಲ ಸಭಾಂಗಣದಲ್ಲಿ ಕೂತವರ ಕಣ್ಣಿಗೆ ಚುಚ್ಚುತ್ತದೆ. ಅದಕ್ಕೇ ಬಣ್ಣವನ್ನು ಮೆಲ್ಲಗೆ ಬದಲಿಸುವುದು. ಕಪ್ಪು ಎಂದರೆ 0, ಬಿಳಿ ಎಂದರೆ 255. ಸೆಕೆಂಡಿಗೆ 30 ಚಿತ್ರಗಳಂತೆ ಎರಡು ಸೆಕೆಂಡಿಗೆ 60 ಚಿತ್ರ. ಪ್ರತಿ ಚಿತ್ರಕ್ಕೂ ನಾಲ್ಕರಷ್ಟು ಮೇಲೇರಿದರಾಯಿತು. ಆದರೆ ಅಷ್ಟೇ ಸಾಲದು. ದೂರದ ಪರಮಾಣುಗಳು ಮಸುಕಾಗಲೆಂದು ಹಾಕಿರುವ ಮಂಜಿನ ಬಣ್ಣವೂ ಜೊತೆಜೊತೆಗೇ ಬದಲಾಗಬೇಕು. ಇಲ್ಲವಾದರೆ ಬಿಳಿಯ ಮೇಲೆ ಮಸಿ ಮೆತ್ತಿದಂತೆ ಕಾಣುತ್ತದೆ. ನಡುವಿನ ಬೂದುಬಣ್ಣದಲ್ಲಿ ಬೂದು ಇಂಗಾಲ ಕರಗಿಹೋಗುತ್ತದೆ, ಕೊನೆಯಲ್ಲಿ ಬಿಳಿ ಜಲಜನಕ.

ನನ್ನ ತಕರಾರು ಬೇರೆಯದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಾಗ ಅದರ ಆಕಾರ ನಿಜಕ್ಕೂ ಬದಲಾಗುತ್ತದೆ. ಆಗ ಹಿನ್ನೆಲೆ ನೀಲಿಯಿಂದ ಕೆಂಪಿಗೆ ತಿರುಗಿದರೆ ನೋಡುವವರಿಗೆ ಅದೊಂದು ಸುಳಿವು. ಏನೂ ಆಗದಿದ್ದಾಗಲೂ ಅಂದಕ್ಕೆಂದು ಬಣ್ಣ ಹೊರಳಿಸಿದರೆ, ಏನೋ ಆಯಿತು ಎಂದು ಮಕ್ಕಳು ನಂಬುತ್ತಾರೆ. ಪರದೆ ಬದಲಾದರೆ ಊರು ಬದಲಾಯಿತು ಎಂದು ತಿಳಿಯುವವರಲ್ಲವೇ ನಾವು?

ಇನ್ನೂ ಒಂದು ಮಾತಿದೆ. ಜೀವಕೋಶದಲ್ಲಿ ಪ್ರೋಟೀನಿನ ಸುತ್ತ ಕಪ್ಪೂ ಇಲ್ಲ, ಬಿಳಿಯೂ ಇಲ್ಲ. ಇರುವುದು ನೀರು, ಒತ್ತೊತ್ತಾಗಿ, ಸದಾ ತಳ್ಳಾಡುತ್ತ. ಅದನ್ನೆಲ್ಲ ಅಳಿಸಿದ ಮೇಲೆಯೇ ನಮಗೆ ಅಣು ಕಾಣುವುದು. ಆದ್ದರಿಂದ ಮಕ್ಕಳಿಗೆ ತೋರಿಸುವಾಗ ಮೊದಲ ಚಿತ್ರದಲ್ಲಿ ನೀರನ್ನು ಹಾಗೇ ಬಿಟ್ಟಿರುತ್ತೇನೆ. ಏನೂ ಕಾಣುತ್ತಿಲ್ಲ ಎಂದು ಯಾರಾದರೂ ಹೇಳಿದ ಮೇಲೆ ಅದನ್ನು ತೆಗೆಯುತ್ತೇನೆ.